ಬ್ರೇಕರ್ ಸುಮ್ಮನ ಬೀಳೂದಿಲ್ರಿ

ಹೊಳೆಯ ಮೇಲಿನ ಮಂಜು ಇನ್ನೂ ಕರಗಿಲ್ಲ. ದಂಡೆಗೆ ಕಟ್ಟಿದ ತಗಡಿನ ದೋಣಿಯ ಹಿಂಬದಿಯಲ್ಲಿ ರಮಜಾನಬಿ ಮೊಣಕಾಲೂರಿ ಕುಳಿತಿದ್ದಾರೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು, ಇಂಜಿನ್ನಿನ ಪಕ್ಕದ ಸಣ್ಣ ಪೆಟ್ಟಿಗೆಯ ಮುಚ್ಚಳ ಬಿಚ್ಚುತ್ತಿದ್ದಾರೆ. ಒಳಗೆ, ಕರೆಂಟು ಮಿತಿ ಮೀರಿದರೆ ತಾನಾಗಿ ಬಿದ್ದು ಅದನ್ನು ತಡೆಯುವ ಮೂರು ಬ್ರೇಕರ್‌ಗಳಿವೆ. ದೀಪಕ್ಕೊಂದು, ಹಾರ್ನಿಗೊಂದು, ದೋಣಿಯ ತಳದಲ್ಲಿ ಸೇರುವ ನೀರನ್ನು ಹೊರಗೆ ಚೆಲ್ಲುವ ಪಂಪಿಗೊಂದು. ಆ ಮೂರನೆಯದರ ಗುಂಡಿ ಕೆಳಗೆ ಬಿದ್ದಿದೆ.

"ಒಂದು ವಾರ ಆತವ್ವಾ, ಮ್ಯಾಲ ಎತ್ತತೀನಿ, ಮತ್ತ ಬೀಳತೈತಿ," ಎನ್ನುತ್ತಾರೆ ದೋಣಿ ನಡೆಸುವ ಮುದಕಪ್ಪ. ಅರವತ್ತು ದಾಟಿದ ಅವರ ದನಿಯಲ್ಲಿ ಬೇಸರಕ್ಕಿಂತ ಅಂಜಿಕೆಯೇ ಹೆಚ್ಚು.

ಅಂಜಿಕೆಗೆ ಕಾರಣವಿದೆ. ಮುಂಡರಗಿ ತಾಲ್ಲೂಕಿನ ಅಂಚಿನಲ್ಲಿರುವ ಹೊಳೆಬಸಾಪುರದವರಿಗೆ ತುಂಗಭದ್ರೆಯ ಆಚೆ ದಂಡೆಯಲ್ಲಿ ಸಂತೆ, ಹೊಲ, ಬೀಗರು ಎಲ್ಲವೂ ಇವೆ. ದೋಣಿಯಲ್ಲಿ ಕುಳಿತರೆ ಎಲೆ ಅಡಿಕೆ ಹಾಕಿಕೊಂಡು ಉಗುಳುವಷ್ಟರಲ್ಲಿ ಆಚೆ ಮುಟ್ಟಬಹುದು. ಸೇತುವೆ ಹಿಡಿದು ಸುತ್ತಿಕೊಂಡು ಹೋದರೆ ಅರ್ಧ ದಿನವೇ ಹೋಗುತ್ತದೆ. ಇಂಜಿನ್ನಿನ ದಂಡ ಹಾದುಹೋಗುವ ತೂತಿನಿಂದ ಹನಿಹನಿಯಾಗಿ ನೀರು ಒಳಬರುವುದು ಈ ದೋಣಿಗೆ ಮೊದಲಿನಿಂದಲೂ ಇದ್ದದ್ದೇ, ಅದನ್ನು ಪಂಪು ನೋಡಿಕೊಳ್ಳುತ್ತದೆ. ಆದರೆ ಕಳೆದ ಸಂತೆಯ ದಿನ ನಡುಹೊಳೆಯಲ್ಲಿ ಬ್ರೇಕರ್ ಬಿದ್ದು ಪಂಪು ನಿಂತಿದೆ. ಯಾರೂ ಗಮನಿಸಿಲ್ಲ. ಕಾಲಿಗೆ ತಣ್ಣಗೆ ತಾಗಿದಾಗಲೇ ಗೊತ್ತಾಗಿದ್ದು. ಜನ ಹಾಲಿನ ಕ್ಯಾನಿನ ಮುಚ್ಚಳದಿಂದ ನೀರು ಮೊಗೆದು ಚೆಲ್ಲುತ್ತ ದಡ ಸೇರಿದ್ದಾರೆ.

ಇವತ್ತು ಮತ್ತೆ ಸಂತೆ. ದಂಡೆಯ ಮೇಲೆ ಬುಟ್ಟಿಗಳು ಸಾಲುಗಟ್ಟಿವೆ.

ರಮಜಾನಬಿ ಮೊದಲು ಪಂಪನ್ನೇ ಕಳಚಿ ಮೇಲೆತ್ತುತ್ತಾರೆ. ಅದರ ರೆಕ್ಕೆಗೆ ಮೀನಿನ ಬಲೆಯ ದಾರ ಸುತ್ತಿಕೊಂಡಿದೆ. ಬ್ಲೇಡಿನಿಂದ ಕತ್ತರಿಸಿ ತೆಗೆದು ಜೋಡಿಸಿದರೆ ಪಂಪು ಗುಂಯ್ ಎಂದು ತಿರುಗುತ್ತದೆ, ಬ್ರೇಕರ್ ನಿಲ್ಲುತ್ತದೆ. ಮುದಕಪ್ಪನವರ ಮುಖ ಅರಳುತ್ತದೆ. "ಆತಲ್ಲವ್ವಾ, ಹೊಂಡೂಣು."

"ತಡೀರಿ ಕಾಕಾ," ಎನ್ನುತ್ತಾರೆ ರಮಜಾನಬಿ. "ಇಷ್ಟ ದಾರಕ್ಕ ಅದು ಬೀಳಾಂಗಿಲ್ಲ. ಬ್ಯಾರೆ ಏನೋ ಐತಿ."

"ಜನ ಕಾಯಾಕತ್ತೈತಿ. ಬ್ರೇಕರ್ ತಗದು ನೇರ ವಾಯರ್ ಕೂಡಿಸಿ ಬಿಡು. ಇವತ್ತೊಂದಿನ ನಡೀಲಿ."

"ಅದೊಂದು ಹೇಳಬ್ಯಾಡ್ರಿ. ಬ್ಯಾರೆ ಯಾರನ್ನರ ಕರೀರಿ, ನಾ ಮಾಡೂದಿಲ್ಲ."

ಬದನೆಕಾಯಿ ಬುಟ್ಟಿ ಇಟ್ಟುಕೊಂಡು ನಿಂತಿದ್ದ ಸುಮಿತ್ರವ್ವನಿಗೆ ತಾಳ್ಮೆ ತಪ್ಪುತ್ತದೆ. "ನಮ್ಮ ಬದನಿಕಾಯಿ ಬಾಡತಾವು, ನಿನಗೇನು ತಿಳೀತೈತಿ."

"ಗಿಡದಾಗ ಮತ್ತ ಬಿಡತಾವು ಅಕ್ಕಾ," ಎಂದಷ್ಟೇ ಹೇಳಿ ರಮಜಾನಬಿ ಮತ್ತೆ ಬಗ್ಗುತ್ತಾರೆ. ಸುಮಿತ್ರವ್ವ ಮುಖ ತಿರುಗಿಸುತ್ತಾರೆ.

ಈ ಹಟ ಎಲ್ಲಿಂದ ಬಂತೆಂದು ತಿಳಿಯಬೇಕಾದರೆ ಮುಂಡರಗಿಯಲ್ಲಿರುವ ಅವರ ಅಂಗಡಿಗೆ ಹೋಗಬೇಕು. ಸುಟ್ಟ ಮೋಟರ್‌ಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವ ಆ ಸಣ್ಣ ಅಂಗಡಿಯ ಬಾಗಿಲಲ್ಲಿ ಅವರ ಗಂಡ ಅನೀಸ ಕುಳಿತಿರುತ್ತಾರೆ. ಗಿರಾಕಿಗಳನ್ನು ಮಾತಾಡಿಸುವುದು, ಚಹಾ ತರಿಸುವುದು ಅವರ ಕೆಲಸ. ಬಲಗೈಯ ಬೆರಳುಗಳು ಒಳಕ್ಕೆ ಮಡಚಿಕೊಂಡು ಅಂಗೈಗೆ ಅಂಟಿವೆ.

ಹನ್ನೊಂದು ವರ್ಷಗಳ ಹಿಂದೆ ಒಂದು ಹಿಟ್ಟಿನ ಗಿರಣಿಯಲ್ಲಿ ಫ್ಯೂಜು ಮೇಲಿಂದ ಮೇಲೆ ಹೋಗುತ್ತಿತ್ತು. ಮಾಲಕರಿಗೆ ಅವಸರ. "ದಪ್ಪ ತಂತಿ ಹಾಕು ಅಂದ್ರು. ನಾನೂ ಹಾಕಿದೆ," ಎನ್ನುತ್ತಾರೆ ಅನೀಸ. "ಫ್ಯೂಜು ಹೋಗಲಿಲ್ಲ, ಒಳಗಿನ ವಾಯರ್ ಉರೀತು. ಆರಸಾಕ ಹೋಗಿ ಕೈ ಹಿಂಗಾತು. ತಪ್ಪು ಯಾರದ್ದಂತ ಹೇಳೂದು? ಹಾಕಿದ ಕೈ ನಂದ."

ಮನೆಯಲ್ಲಿ ದುಡಿಯುವ ಕೈ ಅದೊಂದೇ ಆಗಿತ್ತು. ರಮಜಾನಬಿ ಬೆಟಗೇರಿಯವರು. ತಂದೆ ಮರ್ದಾನಸಾಬರದೂ ಮೋಟರ್ ಸುತ್ತುವ ಕಸುಬೇ. ಅಸುಂಡಿ, ಹಿರೇಹಂದಿಗೋಳದ ರೈತರು ಚಕ್ಕಡಿಯಲ್ಲಿ ತಂದು ಇಳಿಸುತ್ತಿದ್ದ ಪಂಪ್‌ಸೆಟ್‌ಗಳ ನಡುವೆಯೇ ಅವರು ಬೆಳೆದಿದ್ದಾರೆ, ಶಾಲೆ ಬಿಟ್ಟು ಬಂದ ಮೇಲೆ ಮೋಟರಿನೊಳಗೆ ತಂತಿ ಕೂರುವ ಹಲ್ಲುಗಳ ಸಂದಿಗೆ ಹಾಸುವ ಕಾಗದ ಕತ್ತರಿಸಿ ಕೊಟ್ಟಿದ್ದಾರೆ. ನೋಡಿ ನೋಡಿ ಕಲಿತಿದ್ದರು, ಮಾಡಿರಲಿಲ್ಲ. ಗಂಡನ ಕೈ ಸುಟ್ಟ ಮೇಲೆ ಅಂಗಡಿಯ ನಡುವೆ ಪರದೆ ಕಟ್ಟಿ, ಅದರ ಹಿಂದೆ ಕುಳಿತು ಸುತ್ತತೊಡಗಿದರು. ಹೊರಗಿನವರು ಅನೀಸನೇ ಎಡಗೈಯಲ್ಲಿ ಸುತ್ತುತ್ತಾನೆಂದು ತಿಳಿದಿದ್ದರು. ಮೊದಲ ಮೋಟರ್ ಎರಡೇ ದಿನಕ್ಕೆ ಹೊಗೆಯಾಡಿ ವಾಪಸ್ಸು ಬಂತು.

"ಅವತ್ತು ರೊಟ್ಟಿ ಸುಡಲಿಲ್ರಿ. ಪೂರಾ ಬಿಚ್ಚಿ ಮತ್ತ ಸುತ್ತಿದೆ. ಅಳೂದೂ ಸುತ್ತೂದೂ ಎರಡೂ ಕೂಡೇ ನಡೀತು," ಎನ್ನುತ್ತಾರೆ ರಮಜಾನಬಿ.

ಎರಡು ವರ್ಷ ಹಾಗೇ ನಡೆಯಿತು. ಒಂದು ದಿನ ಬಂದ ರೈತನೊಬ್ಬ, ಮೋಟರ್ ಯಾಕೆ ಬಿಸಿಯಾಗುತ್ತದೆ ಎಂದು ಬಿಡದೆ ಕೇಳಿದಾಗ ಅನೀಸರು ತಡವರಿಸಿದರು. ಪರದೆಯ ಹಿಂದಿನಿಂದ ರಮಜಾನಬಿಯೇ ಉತ್ತರ ಕೊಟ್ಟರು. ಆತ ಸ್ವಲ್ಪ ಹೊತ್ತು ಪರದೆ ನೋಡಿ, "ಹಂಗಾರ ಮುಂದಿನ ಮೋಟರನ್ನೂ ನೀವ ಮಾಡ್ರಿ" ಎಂದು ಹೋದನಂತೆ. ಮರುದಿನ ರಮಜಾನಬಿ ಪರದೆ ತೆಗೆದುಹಾಕಿದರು. ಯಾಕೆಂದು ನಾನು ಕೇಳಿದರೆ ನಗುತ್ತಾರೆ. "ಒಳಗ ಬೆಳಕ ಇರಲಿಲ್ರಿ, ಮತ್ತೇನಿಲ್ಲ."

ಈಗ ಬೇಸಿಗೆಯಲ್ಲಿ ದಿನಕ್ಕೆ ಎರಡು ಮೋಟರ್ ಅವರ ಕೈಯಿಂದ ಎದ್ದು ಹೋಗುತ್ತವೆ. ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯಿಂದಲೂ ಬರುತ್ತವೆ. ಹೊಸಬರು ಈಗಲೂ "ಯಜಮಾನ್ರು ಇಲ್ಲೇನ್ರಿ?" ಎಂದೇ ಕೇಳುತ್ತಾರೆ. ತಂತಿಯ ಗೀರುಗಳಿಂದ ಅವರ ಬೆರಳ ತುದಿಗಳು ಕಪ್ಪಾಗಿವೆ, ಸಂಜೆಯಾದರೆ ಸೊಂಟ ಹಿಡಿಯುತ್ತದೆ. ಐದಾರು ವರ್ಷಗಳಿಂದ ಈ ದೋಣಿಯ ಕೆಲಸಕ್ಕೂ ಅವರೇ.

ದಂಡೆಯಲ್ಲಿ ಬಿಸಿಲು ಏರುತ್ತಿದೆ. ರಮಜಾನಬಿ ಇಂಜಿನ್ ಚಾಲೂ ಮಾಡಿಸಿ, ದೀಪ ಹಚ್ಚಿ, ಹಾರ್ನ್ ಒತ್ತಿ, ಪಂಪು ಓಡಿಸಿ ನೋಡುತ್ತಾರೆ. ಬ್ರೇಕರ್ ಬೀಳುವುದಿಲ್ಲ. ಕೆಟ್ಟದ್ದು ಕಣ್ಣಿಗೆ ಬೀಳದಿರುವುದೇ ಈ ಕೆಲಸದ ದೊಡ್ಡ ಕಾಟ. ಅವರು ಹಣೆಯ ಬೆವರು ಒರೆಸಿಕೊಂಡು ಕೇಳುತ್ತಾರೆ. "ಕಾಕಾ, ಆಚಿಂದ ಖಾಲಿ ಬರೂ ಮುಂದ ಒಮ್ಮೆರೆ ಬಿದ್ದೈತೇನು?"

ಮುದಕಪ್ಪ ಯೋಚಿಸುತ್ತಾರೆ. "ಖಾಲಿ ಇದ್ದಾಗ ಬಿದ್ದದ್ದು ನೆನಪಿಲ್ಲ ಬಿಡವ್ವಾ."

ರಮಜಾನಬಿ ದಂಡೆಯ ಕಡೆ ತಿರುಗುತ್ತಾರೆ. "ಅಕ್ಕಾ, ಬುಟ್ಟಿ ಅಲ್ಲೇ ಇರಲಿ. ನೀವೊಂದಿಷ್ಟು ಮಂದಿ ಬಂದು ಸುಮ್ಮನ ಕುಂಡ್ರಿ. ಹಗ್ಗ ಬಿಚ್ಚೂದಿಲ್ಲ."

ಕಟ್ಟಿಹಾಕಿದ ದೋಣಿಯಲ್ಲಿ ಕೂಡುವುದೆಂದರೆ ಏನೆಂದು ಗೊಣಗುತ್ತಲೇ ಸುಮಿತ್ರವ್ವ ಮೊದಲು ಹತ್ತುತ್ತಾರೆ. ಹಿಂದೆ ಉಳಿದವರು. ಮುಂದಿನ ಬೆಂಚು ತುಂಬುತ್ತದೆ, ಏನೂ ಆಗುವುದಿಲ್ಲ. ಹಿಂದಿನ ಬೆಂಚು ತುಂಬುತ್ತದೆ. ಯಾರೋ ಜಾಗ ಮಾಡಿಕೊಳ್ಳಲು ಸರಿಯುತ್ತಾರೆ. ಟಕ್ ಎಂದು ಬ್ರೇಕರ್ ಬೀಳುತ್ತದೆ, ಪಂಪಿನ ಸದ್ದು ನಿಲ್ಲುತ್ತದೆ.

ಎಲ್ಲರನ್ನೂ ಎಬ್ಬಿಸಿ ಹಿಂದಿನ ಬೆಂಚಿನ ಹಲಗೆ ಕಿತ್ತಾಗ ಕಾರಣ ಸಿಗುತ್ತದೆ. ಹಲಗೆಯ ಕೆಳಗಿನ ಕಬ್ಬಿಣದ ಪಟ್ಟಿ ಬಾಗಿದೆ. ಜನ ಕುಳಿತಾಗ ಅದು ಇಳಿದು, ಕೆಳಗೆ ಹಾಯ್ದ ಪಂಪಿನ ವಾಯರನ್ನು ಅಮುಕುತ್ತದೆ. ತಿಕ್ಕಿ ತಿಕ್ಕಿ ಸಿಪ್ಪೆ ಹರಿದಿದೆ, ಹೊಳೆಯುವ ತಾಮ್ರ ಕಬ್ಬಿಣಕ್ಕೆ ತಾಗಿ ಸುಟ್ಟ ಕಲೆ ಕರ್ರಗೆ ಕೂತಿದೆ. ಅದಕ್ಕೆ ಒಂದು ಗೇಣು ಆಚೆ ಡೀಸೆಲ್ ಪೈಪು ಹಾದುಹೋಗಿದೆ.

ಮುದಕಪ್ಪ ಆ ಪೈಪನ್ನು ನೋಡುತ್ತ ನಿಲ್ಲುತ್ತಾರೆ. "ನೇರ ವಾಯರ್ ಕೂಡಿಸಿದ್ರ..." ಎಂದು ಅಷ್ಟಕ್ಕೇ ನಿಲ್ಲಿಸುತ್ತಾರೆ.

"ಬ್ರೇಕರ್ ಸುಮ್ಮನ ಬೀಳೂದಿಲ್ರಿ ಕಾಕಾ," ಎನ್ನುತ್ತಾರೆ ರಮಜಾನಬಿ. ದನಿಯಲ್ಲಿ ಗೆದ್ದ ಭಾವವಿಲ್ಲ. ಹೊಸ ವಾಯರನ್ನು ರಬ್ಬರಿನ ಕೊಳವೆಯೊಳಗೆ ತೂರಿಸಿ ಬೆಂಚಿನಿಂದ ದೂರ, ದೋಣಿಯ ಮಗ್ಗುಲಿಗೆ ಒಯ್ಯುತ್ತಾರೆ. ಬಾಗಿದ ಪಟ್ಟಿಗೆ ಸದ್ಯಕ್ಕೆ ಕಟ್ಟಿಗೆಯ ಆಸರೆ ಕೊಟ್ಟು, ಮುಂಡರಗಿಯಿಂದ ವೆಲ್ಡಿಂಗಿನವರನ್ನು ಕರೆಸಲು ಹೇಳುತ್ತಾರೆ. ಮತ್ತೆ ಎಲ್ಲರನ್ನೂ ಕೂಡಿಸಿ, ಎಬ್ಬಿಸಿ, ಕೂಡಿಸಿ ನೋಡುತ್ತಾರೆ. ಈ ಸಲ ಯಾರೂ ಗೊಣಗುವುದಿಲ್ಲ. ಪಂಪು ಓಡುತ್ತಲೇ ಇದೆ.

ಹಗ್ಗ ಬಿಚ್ಚುವ ಮುನ್ನ ಸುಮಿತ್ರವ್ವ ಬುಟ್ಟಿಯಿಂದ ನಾಲ್ಕು ಬದನೆಕಾಯಿ ತೆಗೆದು ರಮಜಾನಬಿಯ ಚೀಲಕ್ಕೆ ಹಾಕುತ್ತಾರೆ. "ಎಣ್ಣಿಗಾಯಿ ಮಾಡು. ಬಾಡಿಲ್ಲ, ನೋಡು."

ದೋಣಿ ಚಿಕ್ಕದಾಗುತ್ತ ಹೋಗುತ್ತದೆ. ಅದು ಆಚೆ ದಂಡೆಗೆ ತಾಗುವವರೆಗೂ ರಮಜಾನಬಿ ಕದಲುವುದಿಲ್ಲ. ಕೈ ತೊಳೆದುಕೊಳ್ಳುವಾಗ, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಅಂಗಡಿಗೊಂದು ಹೊಸ ಯಂತ್ರ ಎಂದಾರು ಅಂದುಕೊಂಡಿದ್ದೆ. ಅವರು ಹೊಳೆಯ ಕಡೆ ನೋಡುತ್ತಾರೆ.

"ಈ ದೋಣಿ ತಳದಾಗಿನ ಒಂದೊಂದು ಮೊಳಿ ನನಗ ಗೊತ್ತೈತ್ರಿ. ಆದರ ಒಮ್ಮೆನೂ ಆಚಿ ದಂಡಿಗಿ ಹೋಗಿಲ್ಲ. ನಾ ಬಂದಾಗೆಲ್ಲಾ ಅದು ಕೆಟ್ಟು ನಿಂತಿರತೈತಿ, ಸರಿಯಾದ ಕೂಡ್ಲೆ ನಾ ಮನಿಗಿ ಹೊಕ್ಕೀನಿ. ಒಂದಿನ ನಮ್ಮ ಯಜಮಾನ್ರನ್ನ ಕರಕೊಂಡು ಬಂದು, ಎಲ್ಲಾರಂಗ ಬೆಂಚಿನ ಮ್ಯಾಲ ಕುಂಡ್ರಬೇಕು. ಬಗ್ಗಿ ತಳ ನೋಡಬಾರದು. ತಲಿ ಎತ್ತಿ ಹೊಳಿ ನೋಡಬೇಕ್ರಿ."