ಮಧ್ಯಾಹ್ನದ ಪಾಳಿಯ ವೇದಕ್ಕ

ಬೆಳಿಗ್ಗೆ ದೇವರಿಗೆ ದೀಪ ಹಚ್ಚಿದ ಮೇಲೆ, ಚಹಾಕ್ಕೆ ನೀರಿಡುವ ಮೊದಲು, ವೇದಾವತಿಯವರು ಗೋಡೆಗೆ ಬೆನ್ನು ಕೊಟ್ಟು ಕೂತು ಕೆಳಗಿನ ಷಡ್ಜ ಹಿಡಿಯುತ್ತಾರೆ. ಹೆಂಗಸರ ಶ್ರುತಿಯದ್ದಲ್ಲ, ಗಂಡಸರ ಶ್ರುತಿಯದ್ದು. ಜ್ವರ ಬಂದ ದಿನ ಬಾಯಿ ಮುಚ್ಚಿ ಗುನುಗುತ್ತಾರೆ, ಬಿಡುವುದಿಲ್ಲ.

"ಮಮ್ಮಿಯ ಟ್ರಕ್ ಚಾಲೂ ಆಯ್ತು" ಎಂದು ಮಗಳು ಮಾನಸಿ ಚಾದರದೊಳಗಿಂದಲೇ ನಗುತ್ತಾಳೆ.

ಟ್ರಕ್ಕಿನ ಮಾತು ಸುಮ್ಮನೆ ಬಂದದ್ದಲ್ಲ. ಮದುವೆಯಾಗಿ ಉಡುಪಿಯ ಕಡೆಯಿಂದ ಡೊಂಬಿವಲಿಗೆ ಬಂದ ವೇದಾವತಿಯವರಿಗೆ ಕೆಲಸ ಕಳಂಬೋಲಿಯ ಕಬ್ಬಿಣದ ಮಾರುಕಟ್ಟೆಯಲ್ಲಿ, ಲಾರಿ ತೂಗುವ ಕಾಟಾದ ಆಫೀಸಿನಲ್ಲಿ. ಲಾರಿಯನ್ನು ಮುಂದೆ ಹಿಂದೆ ಮಾಡಿಸಿ ಸರಿಯಾಗಿ ನಿಲ್ಲಿಸಬೇಕು, ತೂಕದ ಚೀಟಿ ಕೊಡಬೇಕು. ಸೇರಿದ ಹೊಸದರಲ್ಲಿ ಕಬ್ಬಿಣದ ಸದ್ದಿನ ಮೇಲೆ ಕೂಗಿ ಕೂಗಿ ಸಂಜೆಗೆ ಸ್ವರ ಕಟ್ಟಿಹೋಗುತ್ತಿತ್ತು. ಗುರುವಾರದ ಭಜನೆಯಲ್ಲಿ ಬರೀ ತಾಳ ಹಾಕಿ ಮನೆಗೆ ಬರುತ್ತಿದ್ದರು. ಕಡೆಗೆ ಕಿಟಕಿಗೆ ಕಬ್ಬಿಣದ ಪಟ್ಟಿಯ ಒಂದು ತುಂಡು ನೇತುಹಾಕಿ ಬೋಲ್ಟಿನಿಂದ ಹೊಡೆಯತೊಡಗಿದರು. ಒಂದು ಪೆಟ್ಟಿಗೆ ಮುಂದೆ, ಎರಡಕ್ಕೆ ಹಿಂದೆ. "ಮಂದಿರ್ ಖುಲ್ ಗಯಾ", ಗುಡಿ ತೆರೆಯಿತು, ಎಂದು ಡ್ರೈವರುಗಳು ತಮಾಷೆ ಮಾಡಿದರು, ಆಮೇಲೆ ಅದಕ್ಕೇ ಒಗ್ಗಿಕೊಂಡರು. ಗಂಟಲು ಉಳಿಯಿತು.

ಆ ಗಂಟಲಿಗೆ ದೊಡ್ಡ ಕೆಲಸ ಬೀಳುವುದು ಏಕಾಹದ ದಿನ. ಡೊಂಬಿವಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ವಸತಿ ಭಾಗದಲ್ಲಿರುವ ಅವರ ಭಜನಾ ಮಂಡಳಿ ವರ್ಷಕ್ಕೊಮ್ಮೆ ಅದನ್ನು ನಡೆಸುತ್ತದೆ. ಸೂರ್ಯೋದಯದಿಂದ ಮರುದಿನದ ಸೂರ್ಯೋದಯದವರೆಗೆ ಭಜನೆ ನಿಲ್ಲಬಾರದು. ಒಂದು ತಂಡ ಹಾಡುತ್ತಿರುವಾಗಲೇ ಮುಂದಿನ ತಂಡ ಪಕ್ಕದಲ್ಲಿ ಕೂತು, ಅದೇ ಸಾಲನ್ನು ಅದೇ ಶ್ರುತಿಯಲ್ಲಿ ಎತ್ತಿಕೊಂಡು, ತಾಳವನ್ನು ಕೈಯಿಂದ ಕೈಗೆ ತೆಗೆದುಕೊಳ್ಳಬೇಕು.

ಸಂಜೆಯ ಪಾಳಿಗೆ ಜನ ಮುಗಿಬೀಳುತ್ತಾರೆ. ಕೆಲಸದ ದಿನದ ಮಧ್ಯಾಹ್ನಕ್ಕೆ ಯಾರೂ ಸಿಗುವುದಿಲ್ಲ. ಕಾಟಾದ ಮಾಲೀಕ ಸೇಠ್ ಗೊಣಗುತ್ತಾ ಕೊಟ್ಟ ಅರ್ಧ ದಿನದ ರಜೆಯಲ್ಲಿ ವೇದಾವತಿಯವರು ಅದನ್ನು ವಹಿಸಿಕೊಂಡರು. ಮೊದಲ ವರ್ಷವೇ ಎಡವಿದರು. ಅವರಿಗಿಂತ ಮುಂಚಿನ ಪಾಳಿ ಹೋಟೆಲ್ ಮ್ಯಾನೇಜರಾಗಿ ನಿವೃತ್ತರಾದ ಯಜ್ಞೇಶ್ವರಣ್ಣನದ್ದು. ಅವರದು ತಗ್ಗು ಸ್ವರ. ಅಷ್ಟು ಕೆಳಗೆ ಇಳಿಯಲು ಹೋದಾಗ ವೇದಾವತಿಯವರ ಬಾಯಿಂದ ಗಾಳಿ ಮಾತ್ರ ಬಂತು. ಒಂದು ಉಸಿರಿನಷ್ಟು ಹೊತ್ತು ಬರೀ ತಾಳ ಕೇಳಿಸಿತು. ಯಾರೂ ಬೈಯಲಿಲ್ಲ. ಬೆಳಗಿನ ಷಡ್ಜ ಶುರುವಾದದ್ದು ಮರುದಿನ.

ಈ ವರ್ಷ ಹೊರಡುವ ಹೊತ್ತಿಗೆ ಕಾಟಾದ ಮೇಲೆ ಒಂದು ಟ್ರೇಲರ್ ಕೆಟ್ಟು ನಿಂತಿತು. ಅದನ್ನು ಎಳೆಸದೆ ಬಿಟ್ಟು ಬರುವಂತಿರಲಿಲ್ಲ. ಆಮೇಲೆ ದಾರಿಯಲ್ಲಿ ಶಿಳ್‌ಫಾಟಾದ ಟ್ರಾಫಿಕ್. ದೇವರ ಹೆಸರೂ ಬಾಯಿಗೆ ಬರಲಿಲ್ಲ, ಮುಂದಿನ ಟೆಂಪೋದ ನಂಬರ್ ಪ್ಲೇಟನ್ನೇ ನೋಡುತ್ತಾ ಕೂತಿದ್ದೆ ಎಂದು ಅವರೇ ಹೇಳಿದರು. ಮಂಡಳಿಯಲ್ಲಿ ಅವರ ತಂಡದ ಇಬ್ಬರು ಬಂದು ಕಾಯುತ್ತಿದ್ದರು. ಆದರೆ ಆ ಇಬ್ಬರು ಹಿಂದೆ ಹೇಳುವವರು, ಮುಂದೆ ಹೇಳಿ ಅಭ್ಯಾಸವಿಲ್ಲ.

ವೇದಾವತಿಯವರು ಚಪ್ಪಲಿ ಕಳಚುವಾಗ ಯಜ್ಞೇಶ್ವರಣ್ಣ ತಮ್ಮ ಪಾಳಿ ಮುಗಿದಿದ್ದರೂ ಒಂದೇ ಸಾಲನ್ನು ತಿರುಗಿ ತಿರುಗಿ ಹೇಳುತ್ತಿದ್ದರು. ಅರ್ಧ ಅಕ್ಷರಗಳು ಹೊರಗೇ ಬರುತ್ತಿರಲಿಲ್ಲ. ವೇದಾವತಿಯವರು ಕೂರಲಿಲ್ಲ, ಬಾಗಿಲಿನಿಂದಲೇ, ಅದೇ ತಗ್ಗಿನಲ್ಲಿ, ಆ ಸಾಲನ್ನು ಹಿಡಿದುಕೊಂಡು ಒಳಗೆ ನಡೆದರು. ತಾಳ ಕೈ ಬದಲಾಯಿತು. ಯಜ್ಞೇಶ್ವರಣ್ಣ ದೇವರಿಗೆ ಕೈಮುಗಿದು ನೀರು ಕುಡಿಯಲು ಎದ್ದರು.

ಪಾಳಿ ಮುಗಿಸಿ ಚಹಾ ಕುಡಿಯುವಾಗ, ಮೈಕ್ ನೋಡಿಕೊಳ್ಳುವ ಮನೀಶ ಬಂದ. ಮಂಡಳಿಯ ಅಧ್ಯಕ್ಷರ ಮಗ.

"ಆಂಟಿ, ನಿಮ್ದು ಪೂರಾ ರೆಕಾರ್ಡ್ ಮಾಡಿದ್ದೇನೆ. ಏಕ್‌ದಮ್ ಕ್ಲಿಯರ್. ಮುಂದಿನ ವರ್ಷ ಮಧ್ಯಾಹ್ನ ಅದನ್ನೇ ಹಾಕುವಾ. ನೀವು ಆರಾಮಾಗಿ ಡ್ಯೂಟಿ ಮುಗಿಸಿ ಬನ್ನಿ. ಸಂಜೆಯ ಪಾಳಿ ಪಪ್ಪನಿಗೆ ಹೇಳಿ ನಾನು ಕೊಡಿಸ್ತೇನೆ."

"ನನ್ನನ್ನೂ ರೆಕಾರ್ಡ್ ಮಾಡಿಬಿಡು ಮಾರಾಯ, ಮನೆಯಲ್ಲೇ ಮಲಗ್ತೇನೆ" ಎಂದರು ಯಜ್ಞೇಶ್ವರಣ್ಣ, ಒಡೆದ ಸ್ವರದಲ್ಲಿ.

ವೇದಾವತಿಯವರು ನಕ್ಕರು. "ನೀನು ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು ಮನೀಶ. ಆದ್ರೆ ಬೇಡ. ಅಣ್ಣ ತಾಳ ಕೊಡುವಾಗ ತಗೊಳ್ಳಲಿಕ್ಕೆ ಯಾರಾದರೂ ಇರಬೇಕಲ್ಲ. ಮಧ್ಯಾಹ್ನ ನನಗೇ ಇರಲಿ."

"ಮತ್ತೆ ಟ್ರೇಲರ್ ಕೆಟ್ಟರೆ?" ಎಂದ ಮನೀಶ.

"ಇಡೀ ದಿನ ರಜೆ ಹಾಕ್ತೇನೆ. ಸೇಠ್ ಗೊಣಗಲಿ."