ಬೀದಿಯ ಗಂಡಂದಿರ ಹೆಸರೆಲ್ಲ ಬಲ್ಲ ಅತ್ತೆ

ಅಮ್ಮನ ಹಳೆಯ ಸೀರೆಗಳ ನಡುವೆ ಮೊನ್ನೆ ಒಂದು ಓಟಿನ ಚೀಟಿ ಸಿಕ್ಕಿತು. ನೀಲಿ ಇಂಕಿನ ದುಂಡು ಅಕ್ಷರದಲ್ಲಿ ಅಮ್ಮನ ಹೆಸರು, ಅಪ್ಪನ ಹೆಸರು, ಒಂದು ಕ್ರಮಸಂಖ್ಯೆ. ನುಸಿಗುಳಿಗೆಯ ವಾಸನೆಯ ಜೊತೆಗೇ ಗುಬ್ಬಿಯ ನಮ್ಮ ಪಕ್ಕದ ಮನೆಯ ಅತ್ತೆ ನೆನಪಾದರು...

ಸಂಬಂಧದಲ್ಲಿ ಅತ್ತೆಯಲ್ಲ, ಬೀದಿಗೆಲ್ಲ ಅತ್ತೆ. ಕುಣಿಗಲ್ ಕಡೆಯಿಂದ ಮದುವೆಯಾಗಿ ಬಂದವರು. ಎಪ್ಪತ್ತರ ದಶಕದ ಒಂದು ಚುನಾವಣೆಯ ದಿನ ಶಾಲೆಯ ಹೊರಗೆ ಪಾರ್ಟಿಯವನೊಬ್ಬ ಮತದಾರರ ಪಟ್ಟಿ ಹಿಡಿದು, ಓಟಿಗೆ ಬಂದವರಿಗೆ ಚೀಟಿ ಬರೆದುಕೊಡುತ್ತಾ ಕೂತಿದ್ದ. "ಯಜಮಾನ್ರ ಹೆಸ್ರೇನಮ್ಮ?" ಎಂದು ಅಮ್ಮನನ್ನು ಕೇಳಿದ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಕಾಲವೇ ಅದು? ಅಮ್ಮ ಸೆರಗು ತಿರುಚುತ್ತಾ ನಿಂತಳು. ಹಿಂದಿದ್ದ ಹೆಂಗಸರದೂ ಅದೇ ಪಾಡು. ಆಗ ಅತ್ತೆ ಮುಂದೆ ಬಂದು ಅಪ್ಪನ ಹೆಸರನ್ನೂ, ಅಲ್ಲಿದ್ದ ಅಷ್ಟೂ ಹೆಂಗಸರ ಗಂಡಂದಿರ ಹೆಸರನ್ನೂ ಪಟಪಟನೆ ಹೇಳಿಬಿಟ್ಟರು. ಅವನು ಎದ್ದು ತನ್ನ ಕುರ್ಚಿಯನ್ನೇ ಅವರಿಗೆ ಕೊಟ್ಟ. ಅತ್ತೆ ಪಾರ್ಟಿ ಸೇರಿದ್ದು ಹೀಗೆ. ಸಿದ್ಧಾಂತ ಗಿದ್ಧಾಂತ ಎಲ್ಲ ಆಮೇಲೆ ಬಂತು. ತಮ್ಮ ಗಂಡನ ಹೆಸರನ್ನು ಮಾತ್ರ ಅವರೂ ಬರೆಯುತ್ತಿದ್ದರೇ ಹೊರತು ಹೇಳುತ್ತಿರಲಿಲ್ಲ!

ಆಮೇಲೆ ಅವರಿಗೆ ಅದೇ ಗೀಳು. ಯಾರ ಮನೆಗೆ ಸೊಸೆ ಬಂದಳು, ಯಾರ ಹೆಸರು ಪಟ್ಟಿಗೆ ಸೇರಿಲ್ಲ ಎಂದು ಮನೆಮನೆ ತಿರುಗುತ್ತಿದ್ದರು. ಸಭೆಯೆಂದರೆ ಬಸ್ಸು ಹತ್ತಿ ತುಮಕೂರಿಗೆ ಹೊರಡುತ್ತಿದ್ದರು. ಸೈಟಿನ ಆಸೆಗೆ ಓಡಾಡುತ್ತಾಳೆಂದು ಜನ ಆಡಿಕೊಂಡರು. ಅವರಿಗೆ ಬೇಕಿದ್ದದ್ದು ಒಂದೇ, ಪುರಸಭೆಗೆ ನಮ್ಮ ವಾರ್ಡಿನ ಟಿಕೆಟ್ಟು. ಎಂಬತ್ತರ ದಶಕದಲ್ಲಿ ಕೊನೆಗೂ ಆ ಚುನಾವಣೆ ಬಂದಾಗ ಟಿಕೆಟ್ಟು ಕೊಬ್ಬರಿ ಮಂಡಿಯ ಸಾಹುಕಾರರೊಬ್ಬರ ಪಾಲಾಯಿತು. ಅತ್ತೆ ಎರಡು ದಿನ ಬಾಗಿಲು ತೆರೆಯಲಿಲ್ಲ.

ಮೂರನೆಯ ದಿನ ನೋಡಿದರೆ, ಜಗಲಿಯ ಮೇಲೆ ಪಟ್ಟಿ ಹರಡಿಕೊಂಡು ಚೀಟಿ ಬರೆಯುತ್ತಿದ್ದಾರೆ! ತುಮಕೂರಿನ ಕಾಲೇಜಿಗೆ ರೈಲಿನಲ್ಲಿ ಓಡಾಡುತ್ತಾ ಎಲ್ಲ ತಿಳಿದವಳಂತೆ ಆಡುತ್ತಿದ್ದ ನನಗೆ ಮೈ ಉರಿಯಿತು.

"ಮಾನ ಮರ್ಯಾದೆ ಇಲ್ವಾ ಅತ್ತೆ? ಬಿಟ್ಟಾಕಿ ಆ ಪಾರ್ಟೀನ."

"ಬುಟ್ಬುಡ್ಬೋದು ಕಣೇ. ಅವ್ರು ಇನ್ಯಾರ್ನೋ ಕೂರಿಸ್ಕೋತಾರೆ. ನಿಮ್ಮಮ್ಮ ಓಟಿಗೆ ಬರ್ತಾಳಲ್ಲ, ನಾನಿಲ್ದಿದ್ರೆ ಅವ್ಳೇನ್ ಮಾಡ್ತಾಳೆ?"

ಅವರ ಕಣ್ಣು ತುಂಬಿತ್ತು, ಕೈ ಮಾತ್ರ ಬರೆಯುತ್ತಲೇ ಇತ್ತು. ಸೋತವರ ಸಮಾಧಾನದ ಮಾತು ಎಂದುಕೊಂಡೆ.

ಆ ದಶಕ ಮುಗಿಯುವ ಮೊದಲೇ ಅತ್ತೆ ಹೋಗಿಬಿಟ್ಟರು... ಮುಂದಿನ ಚುನಾವಣೆಗೆ ಒಳ್ಳೆಯ ಸೀರೆ ಉಟ್ಟು ಹೋದ ಅಮ್ಮ ಅರ್ಧ ಗಂಟೆಯಲ್ಲೇ ಮರಳಿದಳು. ಬೆರಳಿಗೆ ಶಾಯಿ ಇರಲಿಲ್ಲ. ಯಾಕೆಂದು ಕೇಳಿದೆ.

"ಯಾವನೋ ಹೊಸಬ ಕೂತವ್ನೆ. ಯಜಮಾನ್ರ ಹೆಸ್ರು ಕೇಳ್ದ" ಎಂದು ಅಡುಗೆಮನೆಗೆ ನಡೆದಳು.

ಈಗಿನ ಪಟ್ಟಿಯಲ್ಲಿ ಫೋಟೊ ಇರುತ್ತದೆ, ಯಾರೂ ಯಾರ ಹೆಸರನ್ನೂ ಹೇಳಬೇಕಿಲ್ಲ. ಅಮ್ಮನೂ ಇಲ್ಲ, ಅತ್ತೆಯೂ ಇಲ್ಲ. ಅಂಥ ಅತ್ತೆಗೆ ನಾನು ಮರ್ಯಾದೆಯ ಪಾಠ ಹೇಳಿದ್ದೆ. ತಪ್ಪಾಯಿತು ಅತ್ತೆ ಎಂದು ಅವರಿದ್ದಾಗ ಒಂದು ಮಾತು ಹೇಳಲಿಲ್ಲ.