ಕಡ್ಡಿ ದಾಟಿ ಹೋದ ಮುಖ

ನಮ್ಮ ಸಣ್ಣಾಯಿಯ ಹಣೆಯ ನಡುವೆ ಒಂದು ತಗ್ಗಿತ್ತು. ಗಾಯದ್ದಲ್ಲ. ಅರವತ್ತು ವರ್ಷಕ್ಕೂ ಮಿಕ್ಕಿ ದಿನಾ ಮುಂಜಾನೆ ಅದೇ ಜಾಗದಲ್ಲಿ ಬೆರಳೊತ್ತಿ ಮೇಣ ಹಚ್ಚಿ, ಅದರ ಮೇಲೆ ಕುಂಕುಮ ಇಟ್ಟು ಇಟ್ಟು ಬಿದ್ದ ತಗ್ಗು. ಚಹಾದ ಬಸಿ ಹಿಡಿದರೆ ಅರ್ಧ ಚಹಾ ಸೀರೆಗೇ ಕುಡಿಸುವಷ್ಟು ಅವಳ ಕೈ ನಡುಗುತ್ತಿತ್ತು. ಕುಂಕುಮ ಇಡುವಾಗ ಮಾತ್ರ ಆ ಬೆರಳು ಕನ್ನಡಿಯ ಹಂಗೂ ಇಲ್ಲದೆ ನೆಟ್ಟಗೆ ತಗ್ಗಿಗೇ ಹೋಗುತ್ತಿತ್ತು. ದುಂಡಗೆ, ರೂಪಾಯಿಯಷ್ಟು ಅಗಲ.

"ಆಯಿ, ನಿನ್ನ ಹಣಿ ಮ್ಯಾಲ ಕೆಂಪ ದೀಪ ಹತ್ತೇತಿ. ಸವದತ್ತಿ ಬಸ್ಸೆಲ್ಲಾ ನಿಂತಾವ ನೋಡು" ಎಂದು ನಾನು ಕಾಡುತ್ತಿದ್ದೆ.

"ನಿಲ್ಲಬೇಕಾದ ಬಸ್ಸು ನಿಲ್ಲಲಿಲ್ಲ, ಬಿಡಪಾ" ಎನ್ನುತ್ತಿದ್ದಳು. ಅದೂ ಒಂದು ಚೇಷ್ಟೆಯೆಂದು ನಾನು ನಗುತ್ತಿದ್ದೆ.

ಅವಳು ನನ್ನ ಮುತ್ಯಾನ, ಎಂದರೆ ಅಜ್ಜನ, ತಮ್ಮನ ಹೆಂಡತಿ. ಆ ಸಣ್ಣ ಮುತ್ಯಾ ಮದುವೆಯಾದ ನಾಲ್ಕನೆಯ ವರ್ಷ, ರಾಮದುರ್ಗಕ್ಕೆ ಹೋಗಿ ಬರುತ್ತೇನೆಂದು ಸೈಕಲ್ ಹತ್ತಿ ಹೋದವನು ಹೊಳ್ಳಿ ಬರಲಿಲ್ಲ. ಸೈಕಲ್ ಸವದತ್ತಿ ಬಸ್‌ಸ್ಟ್ಯಾಂಡಿನ ಗೋಡೆಗೆ ಒರಗಿಕೊಂಡು ಸಿಕ್ಕಿತು. ಅವನು ಸಿಗಲಿಲ್ಲ. ಹನ್ನೆರಡು ವರ್ಷ ಕಳೆದ ಮೇಲೆ ಹಿರಿಯರು ಅವನ ಕಾರ್ಯ ಮಾಡಿ ಮುಗಿಸೋಣ ಎಂದರಂತೆ. ಆದರೆ ಹೆಣವಿಲ್ಲ, ಹಾರ ಹಾಕಲು ಒಂದು ಫೋಟೋವಾದರೂ ಬೇಕಲ್ಲ? "ಇದ್ದದ್ದೊಂದು ಗೆದ್ದಲ ತಿಂದಾವು" ಎಂದಳಂತೆ ಸಣ್ಣಾಯಿ. ಹೆಣವೂ ಇಲ್ಲ, ಫೋಟೋವೂ ಇಲ್ಲ, ಹಾರ ಯಾವುದಕ್ಕೆ ಹಾಕುವುದು? ನಮ್ಮ ಮನೆಯ ಶಾಣ್ಯಾ ಮಂದಿಗೆ ಇದಕ್ಕೆ ಉತ್ತರ ಹೊಳೆಯಲಿಲ್ಲ. ಕಾರ್ಯ ಅಲ್ಲಿಗೇ ನಿಂತಿತು. ಸಣ್ಣಾಯಿಯ ಕುಂಕುಮ ಉಳಿಯಿತು.

ಅವಳ ಪಕ್ಕದಲ್ಲಿ ನಾನು ಆರು ವಾರ ಸಿಕ್ಕಿಬಿದ್ದದ್ದು ನನ್ನ ಬಾಯಿಯ ದೆಸೆಯಿಂದ. ಕಿತ್ತೂರಿನ ಹತ್ತಿರ ಹೈವೇಯಲ್ಲಿ ಬೈಕ್ ಮೇಲೆ ಲಾರಿಯ ಹಾರ್ನ್ ಅಣಕಿಸುತ್ತ ಹೊರಟಿದ್ದೆ. ಹಿಂದೆ ನಿಜವಾದ ಲಾರಿ ಹಾರ್ನ್ ಹೊಡೆದರೆ ಅದೂ ನನ್ನದೇ ಎಂದುಕೊಂಡು ಹಿಗ್ಗಿದೆ. ಕಾಲಿಗೆ ತೊಡೆಯವರೆಗೆ ಪ್ಲಾಸ್ಟರ್ ಬಿತ್ತು. ಮನೋಳಿಯ ಮನೆಯ ಪಡಸಾಲೆಯಲ್ಲಿ ಒಂದು ಮಂಚದ ಮೇಲೆ ನಾನು, ಇನ್ನೊಂದರ ಮೇಲೆ ಮೊಣಕಾಲು ನೋವಿನ ಸಣ್ಣಾಯಿ. ಕಿಟಕಿಯಿಂದ ಕಾಣುವುದು ಎದುರಿನ ಮನೆಯ ಗೋಡೆ. ದಿನವಿಡೀ ಆ ಗೋಡೆ ಎಲ್ಲಿಗೂ ಹೋಗುತ್ತಿರಲಿಲ್ಲ, ನಾವೂ ಹೋಗುತ್ತಿರಲಿಲ್ಲ.

ದೊಡ್ಡಪ್ಪ ಆಗಷ್ಟೇ ಮನೆಯ ಮುಂದಿನ ಕೋಣೆ ಹೊಸದಾಗಿ ಕಟ್ಟಿಸಿದ್ದ. ಅವನು ಮಾತು ಶುರು ಮಾಡುವ ಮುನ್ನ ಎರಡು ಸಲ ಗಂಟಲು ಸರಿಮಾಡುತ್ತಾನೆ, ಬಾವಿಯ ಮೋಟಾರು ನೀರು ಎತ್ತುವ ಮೊದಲು ಗೊರಗುಟ್ಟಿದಂತೆ.

"ಹ್ಹಮ್... ಹ್ಹಮ್... ಮಾನೌಮಿ ಅಮಾಸಿಗೆ ಹಿರ್ಯಾರ ಪೂಜಿ ಹೊಸಾ ಖೋಲಿಯೊಳಗ. ಒಬ್ಬೊಬ್ಬರದೂ ಬ್ಯಾರೆ ಬ್ಯಾರೆ ದೊಡ್ಡ ಫೋಟೋ ಮಾಡಸ್ತೇನಿ. ಕಾಲು ಮುರಕೊಂಡಿ, ಬಾಯಿ ನೆಟ್ಟಗ ಐತೆಲ್ಲಾ? ಸಣ್ಣವ್ವನ್ನ ಕೇಳಿ ಎಲ್ಲಾರ ಹೆಸರು ಬರಿ" ಎಂದು ದಪ್ಪ ಆಲ್ಬಮ್ಮೊಂದನ್ನು ನನ್ನ ಪ್ಲಾಸ್ಟರಿನ ಮೇಲೆ ಇಟ್ಟ.

ಹೆಸರು ಕೇಳಬೇಕಾದದ್ದು ಹೆಸರು ಹೇಳದವಳನ್ನು. ಗಂಡ, ಮಾವ, ಭಾವ ಯಾರ ಹೆಸರನ್ನೂ ಸಣ್ಣಾಯಿ ಬಾಯಲ್ಲಿ ತರುತ್ತಿರಲಿಲ್ಲ. ಮಾವನ ಹೆಸರಿನಲ್ಲಿ ಸೋಮ ಇತ್ತು. ಅಷ್ಟಕ್ಕೇ ಸೋಮವಾರ ಅವಳಿಗೆ "ಐತವಾರದ ಮರುದಿನ" ಆಗಿತ್ತು. ನಾನು ಬೇಕೆಂದೇ ವಾರಕ್ಕೊಮ್ಮೆ, "ಆಯಿ, ಇವತ್ತ ಯಾವ ವಾರ?" ಎಂದು ಕೇಳುತ್ತಿದ್ದೆ. ಹೀಗಾಗಿ ಅವಳು ಗುರುತು ಹೇಳುವುದು, ನಾನು ಆ ಗುರುತಿನ ಮೇಲೆ ಹೆಸರು ಊಹಿಸುವುದು, ಸರಿಯಿದ್ದರೆ ಅವಳು ಗೋಣು ಹಾಕುವುದು ಎಂದು ಒಪ್ಪಂದವಾಯಿತು.

ಕಸಬರಿಗೆಯ ಒಂದು ಕಡ್ಡಿ ಮುರಿದು ಇಟ್ಟುಕೊಂಡಿದ್ದಳು. ಅದರ ತುದಿಯನ್ನು ಮುಖದ ಮೇಲಿಟ್ಟರೆ ಸಾಕು, ಸತ್ತವರು ಎದ್ದು ಕೂಡುತ್ತಿದ್ದರು.

"ಇಕಿ ನೋಡು, ಎರಡು ರೊಟ್ಟಿ ತಿಂದೇನಿ ಅಂತ ಹೇಳಿ ಅಡಗಿ ಮನ್ಯಾಗ ಇನ್ನೆರಡು ತಿಂತಿದ್ಲು. ಇಂವಾ ಮಾತಾಡಿದ್ರ ಮೂಗಿನ್ಯಾಗ. ಹೊಲಕ್ಕ ಹೋಗೂ ಮುಂದೂ ಕ್ವಾಟು ಹಾಕ್ಕೊಂಡ ಹೊಂಟಾಂವ!"

ನಾನು ಮೂಗಿನಲ್ಲಿ ಮಾತಾಡಿ ತೋರಿಸುತ್ತಿದ್ದೆ. ಅವಳು ತಿದ್ದುತ್ತಿದ್ದಳು, "ಇಷ್ಟಲ್ಲೋ ಮಂಗ್ಯಾ, ಇನ್ನಷ್ಟು ಸೊಕ್ಕು ಹಾಕು." ನಾನು ಹುಟ್ಟುವ ಮೊದಲೇ ಸತ್ತವರನ್ನು ನಾನು ಅಣಕಿಸಲು ಕಲಿತದ್ದು ಹೀಗೆ. ಅವಳನ್ನೇ ಅವಳ ಮುಂದೆ ಅಣಕಿಸಿದರೂ ಸಿಟ್ಟಿಲ್ಲ. "ನನ್ನ ಮ್ಯಾಲಿನ ಹಲ್ಲು ಹೋಗ್ಯಾವು. ನೀ ಕೆಳಗಿನವು ಹೋದಾಕಿ ಹಂಗ ಮಾತಾಡಾಕತ್ತಿ" ಎಂದು ಪಾಠ ಹೇಳುವವಳು.

"ಫೋಟೋದಾಗಿನ ಮಂದಿ ಉಣ್ಣಾಕ ಕೇಳೂದಿಲ್ಲ, ಹೆಸರಷ್ಟ ಕೇಳತಾರ. ಅದನ್ನೂ ಕೊಡಲಿಲ್ಲಂದ್ರ ಪಾಪ ಬರತೈತಿ" ಎನ್ನುತ್ತಿದ್ದಳು.

ಕೊನೆಯ ಪುಟದಲ್ಲಿ ಒಂದು ಗುಂಪಿನ ಫೋಟೋ. ಮನೆಗೆ ಸುಣ್ಣ ಹೊಡೆಸುವಾಗ ಸಣ್ಣಾಯಿಯ ಟ್ರಂಕಿನ ತಳದಲ್ಲಿ, ಒಂದು ಕುಪ್ಪಸದ ಖಣದಲ್ಲಿ ಸುತ್ತಿಟ್ಟದ್ದು ನಮ್ಮ ಚಿಕ್ಕಮ್ಮನ ಕೈಗೆ ಸಿಕ್ಕಿತ್ತಂತೆ. ಮನೆಯ ಮೆಟ್ಟಿಲ ಮೇಲೆ ಹನ್ನೊಂದು ಮಂದಿ. ಹಿಂದಿನ ಸಾಲಿನಲ್ಲಿ ಸೆರಗು ಹೊದ್ದ ಸಣ್ಣಾಯಿ, ಇನ್ನೂ ಹುಡುಗಿ. ಬಲತುದಿಯಲ್ಲಿ, ಉಳಿದವರಿಂದ ಒಂದು ಮಾರು ದೂರ, ಸೈಕಲ್ ಹಿಡಿದು ನಿಂತ ಒಬ್ಬ ತರುಣ. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ ಅವನೊಬ್ಬ ಮುಖ ತಿರುವಿ ರಸ್ತೆಯ ಕಡೆ ನೋಡುತ್ತಿದ್ದ.

ಕಡ್ಡಿ ಎಡದಿಂದ ಹೊರಟು ಹತ್ತು ಮುಖ ಮುಟ್ಟಿತು. ಹನ್ನೊಂದನೆಯದನ್ನು ಹೊಸ್ತಿಲು ದಾಟಿದಂತೆ ದಾಟಿ ಆಲ್ಬಮ್ಮಿನಿಂದ ಹೊರಗೆ ಹೋಯಿತು.

"ಇಂವ ಯಾರು?"

"ಫೋಟೋ ತಗಿಯಾಂವನ ಕಡೆ ಆಳು ಇರಬೇಕು."

"ಏನು ತಿಂತಿದ್ದ? ಹೆಂಗ ಮಾತಾಡ್ತಿದ್ದ?"

"ಆಳಿನ ಸುದ್ದಿ ನನಗೇನು ಗೊತ್ತು? ಮುಚ್ಚು ಅದನ್ನ."

ದೊಡ್ಡಪ್ಪನಿಗೆ ಅಷ್ಟೇ ಸಾಕಾಯಿತು. ಫೋಟೋವನ್ನು ಬೈಲಹೊಂಗಲದ ಸ್ಟುಡಿಯೋಕ್ಕೆ ಒಯ್ದು ಕೊಟ್ಟು ಬಂದ. ಅದರಲ್ಲಿನ ಸತ್ತವರೆಲ್ಲರ ಮುಖ ಬೇರೆ ಬೇರೆ ತೆಗೆದು ಫ್ರೇಮು ಹಾಕಿ ಹಾರಕ್ಕೆ ಸಿದ್ಧ ಮಾಡುವುದು. ಇಡೀ ಗುಂಪಿನದೊಂದು ನಡುವಿಗೆ. ಅದರಲ್ಲಿ ಸಣ್ಣಾಯಿ ಇರುವುದರಿಂದ ಅದಕ್ಕೆ ಹಾರವಿಲ್ಲ. ಬದುಕಿದವರಿರುವ ಫೋಟೋಕ್ಕೆ ನಮ್ಮಲ್ಲಿ ಹಾರ ಹಾಕುವುದಿಲ್ಲ. "ಮತ್ತ ಆ ಸೈಕಲ್‌ನವನ್ನ ಕತ್ತರಿಸಿ ಒಗೀರಿ ಅಂತ ಹೇಳೇನಿ. ಯಾವಾಂವೋ ಏನೋ, ನಮ್ಮ ಹಿರ್ಯಾರ ನಡುವ" ಎಂದ.

ಅಂದು ಮಧ್ಯಾಹ್ನ ಸಣ್ಣಾಯಿ ರೊಟ್ಟಿ ಮುಟ್ಟಲಿಲ್ಲ. ಗೋಡೆಯ ಕಡೆ ಹೊರಳಿ ಮಲಗಿದಳು. ಗೋಡೆಗೇ ಹೇಳಿದಂತೆ, "ಸೈಕಲ್ಲು ನಮ್ಮದು" ಎಂದಳು.

ಅಷ್ಟು ಕೇಳಿದ ಮೇಲಾದರೂ ನನಗೆ ತಿಳಿಯಬೇಕಿತ್ತು. ಆದರೆ ನನ್ನ ತಲೆ ಯಾವತ್ತೂ ಬಾಯಿಯ ಹಿಂದಿನ ಬಸ್ಸಿಗೇ ಬರುವುದು. ಅವಳನ್ನು ನಗಿಸಬೇಕೆಂದು ಮರುದಿನ ಒಂದು ಆಟ ಹೂಡಿದೆ. ಅವಳು ಕೋಲೂರಿ ಹಿತ್ತಲಿಗೆ ಹೊರಟಾಗ ಕುರ್ಚಿ ಎಳೆದುಕೊಂಡು ಬಾಗಿಲಲ್ಲಿ ಕೂತು, ಪ್ಲಾಸ್ಟರಿನ ಕಾಲನ್ನು ಹೊಸ್ತಿಲಿಗೆ ಅಡ್ಡ ಚಾಚಿದೆ. ಮದುವೆಯಲ್ಲಿ ಹೊಸ ಸೊಸೆಯನ್ನು ಹೊಸ್ತಿಲಲ್ಲಿ ತಡೆದು ಗಂಡನ ಹೆಸರು ಹೊಂದಿಸಿದ ಪದ, ಒಡಪು, ಹಾಕಿಸುತ್ತಾರಲ್ಲ, ಆ ಹೆಂಗಸರ ದನಿಗಳನ್ನೆಲ್ಲ ಒಬ್ಬನೇ ತೆಗೆದೆ.

"ಗಂಡನ ಹೆಸರು ಹೇಳವಾ ತಂಗಿ! ಒಡಪು ಹಾಕಿದ್ರಷ್ಟ ದಾರಿ!"

"ಕಾಲು ತಗಿ."

"ಹೇಳಿದ್ರ ತಗೀತೇನಿ."

ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಹಿಂದೆ ಹೋಗಲು ಮೊಣಕಾಲು ಬಿಡಲಿಲ್ಲ, ಮುಂದೆ ಹೋಗಲು ನಾನು ಬಿಡಲಿಲ್ಲ. ಬೈಯುತ್ತಾಳೆಂದು ಕಾದೆ. ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡಳು.

"ಸೈಕಲ್ಲಿನ ಗಂಟಿ ಕಿಣಿಕಿಣಿ ಅಂತೈತಿ,
ಹೊಸಲಿ ದಾಟೂ ಮುಂದ ಎದಿ ಝಲ್ಲ ಅಂತೈತಿ,
ಹೊಳ್ಳಿ ಬರತೇನಂದಾರ..."

ಇಲ್ಲಿ ಹೆಸರು ಹೇಳಿದಳು. ಮೆಲ್ಲಗೆ, ಬಿಸಿ ಪಾತ್ರೆ ಇಳಿಸುವಷ್ಟು ಜೋಪಾನವಾಗಿ.

"...ಬಾಗಲಾ ತೆರದೈತಿ."

ನಾನು ಕಾಲು ತೆಗೆದೆ. ಆದರೆ ಅವಳು ಹಿತ್ತಲಿಗೆ ಹೋಗಲಿಲ್ಲ, ಹೊಸ್ತಿಲ ಮೇಲೆಯೇ ಕೂತಳು. ಮೊದಲಿನ ಎರಡು ಸಾಲು ಮದುವೆಯಲ್ಲಿ ಹಾಕಿದ್ದಂತೆ. ಕೊನೆಯ ಸಾಲು ಆಮೇಲೆ ತಾನೇ ಕಟ್ಟಿದ್ದಂತೆ. ಯಾರ ಮುಂದೆಯೂ ಹೇಳಿರಲಿಲ್ಲ.

"ಗೆದ್ದಲ ತಿಂದಿರಲಿಲ್ಲಪಾ. ಗ್ವಾಡಿ ಮ್ಯಾಲಿಂದ ನಾನ ಇಳಿಸಿ ಮುಚ್ಚಿಟ್ಟೆ. ಪಾಪ, ಗೆದ್ದಲಕ್ಕ ಹೆಸರು ಬಂತು." ನಗಲು ನೋಡಿದಳು. "ಈಗ ಇವರ ಅಂತ ಹೇಳಿದ್ರ ಹಾರಾ ಹಾಕತಾರ. ಹಾರಾ ಹಾಕಿದ ಮ್ಯಾಲ ಇದನ್ನ ಒರಸತಾರ" ಎಂದು ಹಣೆ ಮುಟ್ಟಿಕೊಂಡಳು. "ಹೇಳಲಿಲ್ಲಂದ್ರ ಕತ್ತರಿ ಹಾಕತಾರ. ನೀ ಶಾಣ್ಯಾ ಅದಿ, ನೀನ ಹೇಳು. ಎತ್ತಾಗ ಹೋಗ್ಲಿ?"

ಅವಳ ಕೋಲನ್ನು ಅವಳ ಕೈಗೆ ಕೊಟ್ಟೆ; ಇಬ್ಬರೂ ನಮ್ಮ ನಮ್ಮ ಮಂಚಕ್ಕೆ ಹೊರಳಿದೆವು.

ಕೊನೆಗೆ ನನಗೆ ಬರುವ ಒಂದೇ ವಿದ್ಯೆಯನ್ನು ಮಾಡಿದೆ. ಸ್ಟುಡಿಯೋಕ್ಕೆ ಫೋನ್ ಹಚ್ಚಿ ಎರಡು ಸಲ ಗಂಟಲು ಸರಿಮಾಡಿದೆ. "ಹ್ಹಮ್... ಹ್ಹಮ್... ನಾ ಮನೋಳಿಯಿಂದ ಮಾತಾಡೂದು. ಆ ಸೈಕಲ್‌ನವಂಗ ಕತ್ತರಿ ಹಚ್ಚಬ್ಯಾಡ್ರಿ. ಹೆಂಗೈತಿ ಹಂಗ ಇರ್ಲಿ." ಪಕ್ಕದ ಮಂಚದಲ್ಲಿ ಸಣ್ಣಾಯಿ ಸೆರಗನ್ನು ಬಾಯಿಗೆ ತುರುಕಿಕೊಂಡು ನಡುಗುತ್ತಿದ್ದಳು. ನಕ್ಕಳೋ ಅತ್ತಳೋ ಕೇಳಲಿಲ್ಲ.

ಅಮಾವಾಸ್ಯೆಗೆ ಎರಡು ದಿನ ಮೊದಲು ಫೋಟೋಗಳು ಬಂದವು. ಗುಂಪಿನಲ್ಲಿ ಹನ್ನೊಂದೂ ಮಂದಿ. ದೊಡ್ಡಪ್ಪ ಸ್ಟುಡಿಯೋದವನಿಗೆ ಫೋನಿನಲ್ಲಿ ಕೂಗಾಡಿದ. "ನೀವ ಹೇಳಿದ್ರೆಲ್ಲರೀ ಸಾಹೇಬರ, ಎರಡ ಸಲ ಕೆಮ್ಮಿ" ಎಂದನಂತೆ ಅವನು. ಮನೆಯವರೆಲ್ಲ ತಿರುಗಿ ನನ್ನ ಮಂಚದ ಕಡೆ ನೋಡಿದರು. ನನಗೋ ಎದ್ದು ಓಡಲು ಕಾಲಿಲ್ಲ.

"ಹ್ಹಮ್... ಹ್ಹಮ್... ಯಾಕೋ? ಯಾರಂವಾ?"

ನಾನು ಬಾಯಿ ತೆರೆಯುವ ಮೊದಲೇ ಸಣ್ಣಾಯಿ ಹೇಳಿದಳು, "ನಾ ಹೇಳಿದ್ದೆ ಹುಡುಗಗ. ಆ ಸೈಕಲ್ಲು ನಮ್ಮ ಮಾವನವರು ಕೊಡಿಸಿದ್ದು, ಮನ್ಯಾಗಿನ ಮೊದಲನೇದು. ಅದಕ್ಕ ಕತ್ತರಿ ಹಾಕಬ್ಯಾಡಪಾ."

ಅವಳು ಸುಳ್ಳು ಹೇಳಲಿಲ್ಲ, ನಿಜವನ್ನೂ ಬಿಟ್ಟುಕೊಡಲಿಲ್ಲ. ದೊಡ್ಡಪ್ಪ ಅವಳ ಹಣೆಯನ್ನೊಮ್ಮೆ, ಫೋಟೋವನ್ನೊಮ್ಮೆ ನೋಡಿ, ಮೊಳೆ ತರಲು ಒಳಗೆ ಹೋದ. ಫೋಟೋದ ಕೆಳಗೆ ಅಂಟಿಸಲು ಚೀಟಿಗಳನ್ನು ಬರೆದವನು ನಾನೇ. ಹತ್ತು ಹೆಸರು ಬರೆದೆ. ಹನ್ನೊಂದನೆಯದರಲ್ಲಿ "ಮನೆಯ ಮೊದಲ ಸೈಕಲ್" ಎಂದು ಬರೆದೆ. ಇಂದಿಗೂ ಬಂದವರು ಓದಿ ನಗುತ್ತಾರೆ.

ಮುಂದಿನ ವರ್ಷ ಶ್ರಾವಣದಲ್ಲಿ ಸಣ್ಣಾಯಿ ಹೋದಳು. ಮುಂಜಾನೆ ಕುಂಕುಮ ಇಟ್ಟುಕೊಂಡು, ಚಹಾ ಕುಡಿದು, ಗೋಡೆಗೆ ಒರಗಿದವಳು ಹಾಗೆಯೇ ಇದ್ದಳು. ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ ಕಳಿಸಿದರು. "ಮುತ್ತೈದಿ ಸಾವು, ಪುಣ್ಯಾ ಮಾಡಿದ್ಲು" ಎಂದರು ಓಣಿಯ ಹೆಂಗಸರು. ಆ ಪುಣ್ಯ ಮಾಡಲು ಅವಳು ಎಷ್ಟು ವರ್ಷ ಬಾಯಿ ಕಟ್ಟಿ ಕೂತಿದ್ದಳೆಂದು ನನಗೆ ಗೊತ್ತಿತ್ತು. ಎಲ್ಲರ ದನಿ ತೆಗೆಯುವ ನಾನು ಅವಳ ಆ ಒಡಪನ್ನು ಅವಳ ದನಿಯಲ್ಲಿ ಒಮ್ಮೆಯೂ ಹೇಳಿಲ್ಲ. ಆ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ. ನನಗೂ ಈಗ ಹೇಳಬಾರದ ಹೆಸರು ಒಂದಿದೆ.

ಆ ವರ್ಷದ ಅಮಾವಾಸ್ಯೆಗೆ ಗುಂಪಿನ ಫೋಟೋಕ್ಕೂ ಹಾರ ಬಂತು. ಅದರಲ್ಲಿ ಬದುಕಿದವರು ಇನ್ನಾರೂ ಇರಲಿಲ್ಲವಲ್ಲ. ಏಣಿ ಹತ್ತಿದವನು ನಾನು. ಹಾರವನ್ನು ಎಡಕ್ಕೆ ಎಳೆದು ಹಾಕಿದೆ. ಹತ್ತು ಮಂದಿ ಒಳಗೆ ಬಂದರು. ಸೈಕಲ್ ಹಿಡಿದು ರಸ್ತೆ ನೋಡುತ್ತಿದ್ದವನು ಹಾರದ ಹೊರಗೇ ಉಳಿದ.

"ಹ್ಹಮ್... ಹ್ಹಮ್... ಸೊಟ್ಟ ಆಗೇತಲ್ಲೋ."

"ಕಾಲು ಸೊಟ್ಟ ಕೂಡೇತಿ ದೊಡ್ಡಪ್ಪಾ. ಏಣಿ ಮ್ಯಾಲ ನೆಟ್ಟಗ ನಿಲ್ಲಾಕ ಬರೂದಿಲ್ಲ."

ದೊಡ್ಡಪ್ಪ ಹಾರದ ಹೊರಗೆ ಉಳಿದ ಸೈಕಲ್ಲಿನವನನ್ನು ನೋಡಿದ. ಆಮೇಲೆ ಗಂಟಲು ಸರಿಮಾಡದೆಯೇ, "ಇಳಿ. ಏಣಿ ನಾ ಹಿಡಿದೇನಿ" ಎಂದ.